ರೇಡಿಯೋ ಮಾತಿಗೆ ನಾನು ಹೇಳಿದ ಅರ್ಥ

ನಾನು ಉರ್ದು ಶಾಲೆಯಲ್ಲಿ ಓದಿದವನು. ನಿಜಾಮರ ಕಾಲದಲ್ಲಿ ಶಹಾಪುರದ ಸುತ್ತ ಓದು ಅಂದರೆ ಅದೇ. ಕನ್ನಡ ಮಾತ್ರ ಅಜ್ಜನಿಂದ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾನಿಂದ, ಬಂತು. ಆತ ಪುರಾಣ ಓದುವಾಗ ಮಗ್ಗುಲಿಗೆ ಕೂತು ಅಕ್ಷರ ಕಲಿತೆ. ಹೀಗಾಗಿ ನನ್ನ ಕನ್ನಡದಲ್ಲಿ ದೇವರಿದ್ದರು, ರಾಕ್ಷಸರಿದ್ದರು, ಶಾಪ ವರ ಎಲ್ಲ ಇದ್ದವು. ಕಚೇರಿ, ಕೋರ್ಟು, ದವಾಖಾನೆ ಇರಲಿಲ್ಲ. ಅವು ಉರ್ದುವಿನ ಕಡೆ ಉಳಿದಿದ್ದವು.

ರಾಜ್ಯ ಒಂದಾದ ಮೇಲೆ ಸರ್ಕಾರ ನನ್ನನ್ನು ಕನ್ನಡ ಮಾಸ್ತರನನ್ನಾಗಿ ಮಾಡಿ ಬೋನಾಳ ಕೆರೆಯಿಂದ ಒಂದು ಹರದಾರಿ ದೂರದ ಹಳ್ಳಿಗೆ ಹಾಕಿತು. ಜೊತೆಗೆ ಅಕ್ಕ ಬಂದಳು. ತಾಯಿ ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಕೆಮ್ಮು ಹತ್ತಿ ರಕ್ತ ಕಾಣಿಸಿದಾಗ ಗಂಡನ ಮನೆಯವರು ಬಂಡಿ ಕಟ್ಟಿ ತಂದು ನನ್ನ ಬಾಗಿಲಲ್ಲಿ ಇಳಿಸಿ ಹೋಗಿದ್ದರು. ಸುರಪುರದ ಹಕೀಮರು ನಾಡಿ ಹಿಡಿದು ಒಂದೇ ಮಾತು ಹೇಳಿದರು: ದಿಕ್. ಆ ಹೆಸರು ಬಂತೆಂದರೆ ನಮ್ಮ ಕಡೆ ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ. ದಿಕ್‌ಗೆ ದವಾ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆಡಿನ ಗಾಳಿ ಒಳ್ಳೆಯದೆಂದು ಕುರಿ ಕಾಯುವ ಕಾಕಾ ತನ್ನ ದೊಡ್ಡಿಯ ಮೂಲೆಯಲ್ಲಿ ಅವಳಿಗೊಂದು ಹಗ್ಗದ ಹೊರಸು ಹಾಕಿಕೊಟ್ಟ. ಆಡಿನ ಹಾಲೂ ಅವನದೇ.

ಅದೇ ವರ್ಷ ಚಾವಡಿಗೆ ರೇಡಿಯೋ ಬಂತು. ಮಾಸ್ತರನೆಂದು ಅದರ ಪೆಟ್ಟಿಗೆಯ ಕೀಲಿ ನನ್ನ ಕೈಗೆ ಬಂತು. ವಾರಕ್ಕೊಂದು ಸಂಜೆ ಅದರಲ್ಲಿ ಜನರು ಬರೆದ ಪತ್ರಗಳನ್ನು ಓದಿ ಉತ್ತರ ಕೊಡುತ್ತಿದ್ದರು. ಒಂದು ವಾರ ವಕೀಲರು, ಒಂದು ವಾರ ಡಾಕ್ಟರು. ಅವರದು ತೊಳೆದಿಟ್ಟ ಕನ್ನಡ. ನಮ್ಮವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಅರ್ಥ ಹೇಳುವ ಕೆಲಸ ನನ್ನದಾಯಿತು.

ಒಮ್ಮೆ ವಕೀಲರು, "ಭೂಮಿ ನಿಮ್ಮ ಸ್ವಾಧೀನ ತಪ್ಪಿದ್ದರೆ ಕೂಡಲೇ ದಾವೆ ಹೂಡಿರಿ" ಎಂದರು.

"ಮಾಸ್ತರಾ, ಕುಡದ ಮನಷ್ಯಾಗ ಸ್ವಾಧೀನ ತಪ್ತದ," ಎಂದ ಕುರಿ ಕಾಕಾ. "ಭೂಮಿ ಯಾವ ಸೇಂದಿ ಅಂಗಡಿಗೆ ಹೋಗಿತ್ತು?"

ಚಾವಡಿಯೆಲ್ಲ ನಕ್ಕಿತು. ಹೊಸ ಸರ್ಕಾರಿ ಕಾಗದಗಳಲ್ಲಿ ಆ ಮಾತನ್ನು ಕಂಡಿದ್ದೆ. "ಸ್ವಾಧೀನ ಅಂದ್ರ ಕಬ್ಜಾ, ಕಾಕಾ" ಎಂದೆ.

"ಹಂಗಂತ ಹೇಳಬಾರದೇನು ಆ ವಕೀಲ? ಸಾದಾ ಕನ್ನಡದಾಗ ಕಬ್ಜಾ ಅಂದಿದ್ರ ಯಾರಿಗೆ ತಿಳೀತಿರಲಿಲ್ಲ!"

ಅಂದಿನಿಂದ ನನ್ನ ಮೇಲೆ ಊರಿಗೆ ಭರವಸೆ. ನನಗೂ ನನ್ನ ಮೇಲೆ ಬಂತು. ಮುಂದಿನ ವಾರ ಡಾಕ್ಟರು ಮಾತಾಡಿದರು. ಕ್ಷಯಕ್ಕೆ ಈಗ ಔಷಧಿ ಬಂದಿದೆ, ಸೂಜಿಮದ್ದು ಇದೆ, ಬೇಗ ಬಂದರೆ ವಾಸಿಯಾಗುತ್ತದೆ, ದೊಡ್ಡ ದವಾಖಾನೆಗೆ ಬನ್ನಿರಿ, ಹೆದರಬೇಡಿರಿ.

"ಕ್ಷಯ ಅಂದ್ರ ಏನೋ ಮಾಸ್ತರಾ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಮುತ್ಯಾ ಓದಿದ್ದು ನಾಲಿಗೆಯ ಮೇಲೇ ಇತ್ತು. ಚಂದ್ರನಿಗೆ ಇಪ್ಪತ್ತೇಳು ಹೆಂಡಿರು, ಒಬ್ಬಳ ಮನೆ ಬಿಟ್ಟು ಅವನು ಏಳಲಿಲ್ಲ, ಮಾವ ಸಿಟ್ಟಿಗೆದ್ದು ಕ್ಷಯ ಹತ್ತಲಿ ಎಂದು ಶಪಿಸಿದ, ಅದಕ್ಕೇ ದಿನಾ ಸವೆಯುತ್ತಾನೆ ಎಂದು ಕೈ ಮುಖ ತಿರುವಿ ಹೇಳಿದೆ. ಬಹಳ ಹೆಂಗಸರ ಸಂಗ ಮಾಡಿದ ದೊಡ್ಡವರಿಗೆ ಬರುವ ನಿತ್ರಾಣ ಎಂದು ನನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿದೆ. ಕಾಕಾ, "ಒಬ್ಬಾಕಿನ್ನ ಸಾಕೂದ ಆಗವಲ್ದು, ನಮಗೆಲ್ಲಿ ಬರ್ತದೋ ಅದು" ಎಂದ. ಜನ ಹೊಟ್ಟೆ ಹಿಡಿದು ನಕ್ಕರು.

ದೊಡ್ಡಿಗೆ ಹೋಗಿ ಅಕ್ಕನಿಗೂ ಹೇಳಿದೆ. ಹೆಂಗಸರು ಚಾವಡಿಗೆ ಬರುತ್ತಿರಲಿಲ್ಲ, ಆದ್ದರಿಂದ ರೇಡಿಯೋ ಏನಂದಿತು ಎಂದು ಅವಳು ತಪ್ಪದೆ ಕೇಳುತ್ತಿದ್ದಳು. ಅವಳ ಮುಂದೆ ಕಥೆ ಇನ್ನೂ ಚೆಂದ ಮಾಡಿದೆ. ಅವಳು ನಕ್ಕು, ನಕ್ಕಿದ್ದಕ್ಕೆ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಅವರ ಜಡ್ಡಿಗೂ ದವಾ ಸಿಕ್ಕಿತು ನೋಡು" ಎಂದಳು.

ಡಾಕ್ಟರು ಮತ್ತೆ ಮತ್ತೆ ಅದೇ ಮಾತಿಗೆ ಬಂದರು. ಪ್ರತಿ ಸಲ ಜನ ನನ್ನ ಕಡೆ ತಿರುಗಿ ನಕ್ಕರು. ಮಳೆಗಾಲ ಹೋಯಿತು, ಜೋಳ ಮೊಣಕಾಲಿಗೆ ಬಂತು. ಅಕ್ಕ ಹೊರಸಿನಿಂದ ಏಳುವುದನ್ನು ಬಿಟ್ಟಳು.

ರೇಡಿಯೋದ ಬ್ಯಾಟರಿಗೆಂದು ಯಾದಗಿರಿಗೆ ಹೋಗಿದ್ದೆ. ದವಾಖಾನೆಯ ಮುಂದೆ ಪೇಂಟರನೊಬ್ಬ ಹಳೆಯ ಉರ್ದು ಬೋರ್ಡುಗಳ ಮೇಲೆ ಕನ್ನಡ ಬರೆಯುತ್ತಿದ್ದ. ಒಂದು ಬೋರ್ಡು ಅರ್ಧ ಆಗಿತ್ತು. ಬಲಗಡೆ ಇನ್ನೂ ಅಳಿಸದ ಉರ್ದು ಅಕ್ಷರ: ದಿಕ್. ಎಡಗಡೆ ಹಸಿ ಬಣ್ಣದಲ್ಲಿ: ಕ್ಷಯ.

"ಇವೆರಡೂ ಒಂದೇ ಏನು?" ಎಂದೆ.

"ನನಗೇನ್ ಗೊತ್ರಿ? ಚೀಟಿಯಾಗ ಬರ್ದು ಕೊಟ್ಟಾರ, ಬರ್ಯಾಕತ್ತೀನಿ," ಎಂದ ಅವನು. "ಬಣ್ಣ ಹಸಿ ಅದ, ಮುಟ್ಟಬ್ಯಾಡ್ರಿ."

ನಾನು ಮುಟ್ಟಿಬಿಟ್ಟಿದ್ದೆ.

ಮರುದಿನವೇ ಅಕ್ಕನನ್ನು ಬಂಡಿಯಲ್ಲಿ ಮಲಗಿಸಿ ಸುರಪುರಕ್ಕೆ, ಅಲ್ಲಿಂದ ಮೋಟಾರಿನಲ್ಲಿ ಯಾದಗಿರಿಗೆ ಕರೆದುಕೊಂಡು ಹೋದೆ. ಮೈಸೂರು ಕಡೆಯ ತರುಣ ಡಾಕ್ಟರು ಎದೆಯ ಮೇಲೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನನ್ನು ಹೊರಗೆ ಕರೆದರು. ಎರಡೂ ಕಡೆಯ ಶ್ವಾಸಕೋಶ ಉಳಿದಿರಲಿಲ್ಲ. ಸೂಜಿ ಕೊಡುತ್ತೇವೆ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಬೈಯುವ ಮನಸ್ಸಿನವರಲ್ಲ. ಆದರೂ ಕೇಳಿದರು: "ಇಷ್ಟು ದಿನ ಯಾಕೆ ಬಿಟ್ರಿ? ನಿಮ್ಮೂರಲ್ಲಿ ರೇಡಿಯೋ ಇಲ್ವೇ?"

"ಅದ ರೀ" ಎಂದೆ.

ಒಳಗೆ ಹೋದಾಗ ಅಕ್ಕ ಕಣ್ಣು ತೆರೆದಿದ್ದಳು. ಆಚೆ ಮಂಚದ ಹೆಂಗಸು ಎದ್ದು ಕೂತು ರೊಟ್ಟಿ ಮುರಿಯುತ್ತಿದ್ದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು.

"ತಮ್ಮಾ, ಆಕಿಗೂ ನಂದೇ ಜಡ್ಡಂತ. ನಾಕ ತಿಂಗಳಿಂದ ಸೂಜಿ ಮಾಡ್ಯಾರಂತ. ಮುಂದಿನ ವಾರ ಮನಿಗೆ ಹೋಗ್ತಾಳಂತ."

"ಹೌದು ಯಕ್ಕಾ."

"ಈ ದವಾ ಬಂದದ್ದು ನಮಗ ಯಾರೂ ಹೇಳ್ಲಿಲ್ಲಲ್ಲೋ."

ಅವಳು ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ, ಸುಮ್ಮನೆ ಕೇಳಿದ್ದಳು. ನಾನು ಹೊದಿಕೆ ಸರಿಮಾಡಿದೆ.

"ಇಲ್ಲ ಯಕ್ಕಾ," ಎಂದೆ. "ಯಾರೂ ಹೇಳ್ಲಿಲ್ಲ."

"ನಮ್ಮಂಥಾವರಿಗೆ ಯಾರ ಬಂದು ಹೇಳ್ತಾರ ಬಿಡು," ಎಂದು ನನಗೇ ಸಮಾಧಾನ ಹೇಳಿದಳು. ಹನ್ನೊಂದನೆಯ ಸೂಜಿಯಾದ ಮರುದಿನ ಬೆಳಿಗ್ಗೆ ಹೋದಳು.