ಬಾವಿಯೊಳಗೆ ಉಳಿದ ಹುಡುಗಿ

ಬನಹಟ್ಟಿಯ ಅನಸವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆಯ ಹಸಿವು ಮಾತ್ರ ನಾಲ್ಕು ಮಂದಿಯಷ್ಟಿತ್ತು. ಸಂಜೆಯಾದರೆ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಮಗನ ಮಗ್ಗಕ್ಕೆಂದು ಸಣ್ಣ ಕೊಳವೆಗಳಿಗೆ ನೂಲು ಸುತ್ತಿ ಕಂಡಿಕೆ ಮಾಡುವಳು. ಅದೇ ದೀಪದ ಬುಡದಲ್ಲಿ ಮೊಮ್ಮಗಳು ಬನಶಂಕರಿ ಶಾಲೆಯಿಂದ ತಂದ ಕಥೆಪುಸ್ತಕವನ್ನು ಗಟ್ಟಿಯಾಗಿ ಓದುವಳು. ಒಂದು ದೀಪಕ್ಕೆ ಎರಡು ಕೆಲಸ. ಇಂಥ ಲಾಭದ ವ್ಯವಹಾರ ಇಡೀ ಪೇಟೆಯಲ್ಲಿ ಇನ್ನೊಂದಿರಲಿಲ್ಲ.

ಎಂಬತ್ತೇಳನೇ ಇಸವಿಯಲ್ಲಿ ಅದೇ ಓಣಿಯ ಸೀರೆ ವ್ಯಾಪಾರಿ ಶಂಕರೆಪ್ಪ ಟಿವಿ ತಂದ. ಆ ಸಂಜೆ ಕಥೆಯಲ್ಲಿ ಕುರಿ ಕಾಯುವ ಹುಡುಗಿಯೊಬ್ಬಳು, ಬಿದ್ದ ಮರಿಯನ್ನು ಎತ್ತಲು ಬಾವಿಗೆ ಇಳಿದಿದ್ದಳು. ಹಗ್ಗ ಹರಿದಿತ್ತು. ಅಷ್ಟರಲ್ಲಿ ಟಿವಿ ನೋಡಲು ಬಾ ಎಂದು ಹೊರಗೆ ಹುಡುಗರು ಕೂಗಿದರು. ಬನಶಂಕರಿ ಪುಸ್ತಕ ಕವುಚಿಟ್ಟು ಓಡಿದಳು.

ಅನಸವ್ವ ಆ ಪುಟಕ್ಕೆ ಒಂದೆಳೆ ಕೆಂಪು ನೂಲಿಟ್ಟು ಪುಸ್ತಕವನ್ನು ಬುಟ್ಟಿಯಲ್ಲಿ ಹಾಕಿಕೊಂಡಳು. ದಿನಾ ಕೇಳಿದರೂ ಒಂದೇ ಉತ್ತರ: "ನಾಳಿ ಓದ್ತೇನಿ, ಆಯಿ." ನಾಳೆ ಸೀರೆ ಕೊಡುತ್ತೇನೆನ್ನುವ ನೇಕಾರನ ಮಾತಿನಷ್ಟೇ ಗಟ್ಟಿ ಮಾತು ಅದು.

ಕಡೆಗೊಂದು ಸಂಜೆ ರಾಟೆ ಹೊತ್ತುಕೊಂಡು ತಾನೇ ಶಂಕರೆಪ್ಪನ ಮನೆಗೆ ಹೋದಳು.

"ಏನ ಅನಸಕ್ಕ, ನಿನಗೂ ಹುಚ್ಚು ಹಿಡೀತೇನ?"

"ನೋಡೂನು ಅಂತ ಬಂದೇನ್ರಿ, ಸಾವ್ಕಾರ್ರ."

ಟಿವಿ ಮುಗಿದ ಕೂಡಲೇ ಮೊಮ್ಮಗಳನ್ನು ಕೈಹಿಡಿದು ಪುಸ್ತಕಕ್ಕೆ ಕೂರಿಸಬೇಕೆಂಬುದು ಅವಳ ಹಂಚಿಕೆ. ಚಿತ್ರ ಚಂದ ಕಾಣಲೆಂದು ಶಂಕರೆಪ್ಪ ದೀಪ ಆರಿಸಿದ. ಅನಸವ್ವ ಕತ್ತಲಲ್ಲೇ ರಾಟೆ ತಿರುಗಿಸಿದಳು. ಪೆಟ್ಟಿಗೆ ಹಿಂದಿಯಲ್ಲಿ ಮಾತಾಡತೊಡಗಿತು.

"ಏನಂದ ಅವಾ?"

"ಸುಮ್ಕಿರ, ಆಯಿ!"

ಬನಶಂಕರಿಗೂ ತಿಳಿದಿರಲಿಲ್ಲ. ಆದರೂ ಬಾಯಿ ತೆರೆದು ನೋಡಿದಳು, ನೋಡುತ್ತಲೇ ನಿದ್ದೆ ಹೋದಳು. ಹಂಚಿಕೆ ಹಾಳಾಯಿತು.

ಕತ್ತಲಲ್ಲಿ ಸುತ್ತಿದ ಆ ಕಂಡಿಕೆಗಳನ್ನು ಮಗ ನೀಲಕಂಠ ನಸುಕಿನ ಮಬ್ಬಿನಲ್ಲೇ ನೇಯ್ದು, ಮಗ್ಗದ ಮೇಲಿದ್ದ ಸೀರೆ ಮುಗಿಸಿಬಿಟ್ಟ. ಸೀರೆ ಕೊಡಲು ಅನಸವ್ವನೇ ಅಂಗಡಿಗೆ ಹೋದಳು. ಶಂಕರೆಪ್ಪ ಅದನ್ನು ಎಂದಿನಂತೆ ಹೊಸ್ತಿಲಿಗೆ ತಂದು ಬಿಸಿಲಿಗೆ ಹಿಡಿದ. ಕಡುನೀಲಿಯ ನಡುವೆ ಗೇಣಗಲ ಕರಿ ಪಟ್ಟಿ! ಕತ್ತಲಲ್ಲಿ ನೀಲಿಯ ಬದಲು ಕರಿ ನೂಲು ಕಂಡಿಕೆಗೆ ಸುತ್ತಿಕೊಂಡಿತ್ತು.

"ಕಣ್ಣ ಎಲ್ಲಿಟ್ಟಿದ್ದಿ, ಅನಸಕ್ಕ?"

"ನಿಮ್ಮ ಮನ್ಯಾಗರಿ. ದೀಪಾ ಆರಿಸಿದವರು ನೀವು. ಆ ಪಟ್ಟಿ ನಮ್ಮದಲ್ರಿ, ನಿಮ್ಮ ಟಿವಿ ನೇದದ್ದು!"

ಶಂಕರೆಪ್ಪ ಹೊಟ್ಟೆ ಹಿಡಿದು ನಕ್ಕ. ನಕ್ಕು ಸೀರೆ ವಾಪಸು ಕೊಟ್ಟ. ನಗು ಬೇರೆ, ವ್ಯಾಪಾರ ಬೇರೆ.

ಪಟ್ಟಿ ಕಂಡ ನೀಲಕಂಠ ತಾಯಿಯ ಕಣ್ಣೇ ಹೋದವೆಂದು ತಿಳಿದ. "ಸಾಕ ಬಿಡಬೇ ಯವ್ವಾ, ಇನ್ನ ರಾಟಿ ಮುಟ್ಟಬ್ಯಾಡ."

ಅನಸವ್ವ ರಾಟೆಯನ್ನು ಗೋಡೆಗೆ ಸರಿಸಿಟ್ಟಳು. ಕಥೆ ಹೋಯಿತು, ಈಗ ರಾಟೆಯೂ.

"ಆಯಿ ಕಣ್ಣ ಛಲೋ ಅದಾವ, ಅಪ್ಪಾ," ಎಂದಳು ಬನಶಂಕರಿ. "ಅಲ್ಲಿ ಕತ್ತಲಿತ್ತು." ನೀಲಕಂಠ ರಾಟೆಯನ್ನು ಮರಳಿ ತಾಯಿಯ ಮುಂದಿಟ್ಟ. ಆಮೇಲೆ ಬನಶಂಕರಿ ಮೆಲ್ಲಗೆ ಕೇಳಿದಳು: "ನೀ ಅಲ್ಲಿಗೆ ಯಾಕ ಬಂದಿ, ಆಯಿ?"

"ಆ ಹುಡುಗಿ ಇನ್ನೂ ಬಾವ್ಯಾಗ ಅದಾಳಲ್ಲವ್ವಾ. ನೀ ಓದೂತನಕ ಆಕಿ ಮ್ಯಾಲ ಹೆಂಗ ಬರ್ತಾಳ?"

ಸಂಜೆ ಹುಡುಗರು ಮತ್ತೆ ಕೂಗಿದರು. ಬನಶಂಕರಿ ಒಮ್ಮೆ ಬಾಗಿಲ ಕಡೆ ನೋಡಿದಳು. "ಆಯಿತವಾರ ಬರ್ತೇನ್ರಲೇ!" ಎಂದು ಕೂಗಿ, ದೀಪ ಹಚ್ಚಿ, ಕೆಂಪು ಎಳೆ ಹಿಡಿದು ಪುಟ ತೆರೆದಳು. ಮಂದಿ ಓಡಿಬಂದು ಬಾವಿಗೆ ಇನ್ನೊಂದು ಹಗ್ಗ ಬಿಟ್ಟರು ಎಂದು ಓದಿದಳು.

"ತಡಿ. ಹಗ್ಗ ನಾರಿಂದೋ, ನೂಲಿಂದೋ?"

"ಬರದಿಲ್ಲ, ಆಯಿ."

"ಹಂಗಾರ ನೂಲಿಂದ. ನಮ್ಮ ಓಣಿದು, ಹರಿಯೂದಿಲ್ಲ. ಹೂಂ, ಎಳೀ ಅನ್ನ ಅವರಿಗೆ."

ರಾಟೆ ತಿರುಗತೊಡಗಿತು.