ಬಾಚಣಿಗೆ ತರುವಷ್ಟರಲ್ಲಿ

ದುಬಾರೆಗೆ ಹೋಗುವ ದಾರಿಯ ಕಾಫಿ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ತುಳಸಿಗೆ ಸಿಟ್ಟು ಬಂದರೆ ಮಾತೇ ಹೊರಡುವುದಿಲ್ಲ. ಕುಶಾಲನಗರದಲ್ಲಿ ಬಿಬಿಎ ಕೊನೆಯ ವರ್ಷ ಓದುವ ಹುಡುಗಿ, ಮಾರ್ಕೆಟಿಂಗ್ ಬಗ್ಗೆ ಪುಟಗಟ್ಟಲೆ ಬರೆಯಬಲ್ಲಳು. ಎದುರಿಗಿರುವವರಿಗೆ ‘ಇದು ಸರಿಯಲ್ಲ’ ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ಹಾಗಾಗಿ ಇಂಟರ್ನ್‌ಶಿಪ್ಪಿನ ಆ ಆರು ವಾರ ಅವಳು ನುಂಗಿಕೊಂಡದ್ದು ಅಷ್ಟಿಷ್ಟಲ್ಲ.

ಎಸ್ಟೇಟ್ ಮಕ್ಕಳಿಗೆ ಸಂಜೆ ಪಾಠ ಹೇಳಿಸುವ ಟ್ರಸ್ಟ್ ಒಂದು ಪೇಟೆಯಲ್ಲಿತ್ತು. ತುಳಸಿ ಅದನ್ನೇ ಆರಿಸಿಕೊಂಡಳು, ಏಕೆಂದರೆ ಅವಳೂ ಅವರ ಪಾಠದಲ್ಲೇ ಮಗ್ಗಿ ಕಲಿತವಳು. ಅಲ್ಲಿಂದ ಪ್ರಮಾಣಪತ್ರ ತಂದರೆ ಮಾತ್ರ ಸೆಮಿಸ್ಟರ್ ಪಾಸು. ಟ್ರಸ್ಟ್ ನಡೆಸುವ ಶಶಿಕುಮಾರ್ ಕೆಟ್ಟವರೇನಲ್ಲ. ಯಾರ ಮಾತನ್ನೂ ಕೊನೆಯವರೆಗೆ ಕೇಳುವುದಿಲ್ಲ, ಅದೊಂದೇ ಅವರ ಕಾಯಿಲೆ. ಮಾರ್ಕೆಟಿಂಗ್ ಹೆಸರಿನಲ್ಲಿ ಮೂರು ವಾರ ಅವಳ ಕೈಯಲ್ಲಿ ಕವರುಗಳಿಗೆ ವಿಳಾಸ ಅಂಟಿಸಿದರು, ಬಂದವರಿಗೆ ಟೀ ತರಿಸಿದರು. ನಾಲ್ಕನೆಯ ವಾರ, ದಾನಿಗಳಿಗೆ ಕಳಿಸುವ ಪೋಸ್ಟರ್ ಮಾಡು ಎಂದು ಕಂಪ್ಯೂಟರಿನಲ್ಲಿ ಹಳೆಯ ಫೋಟೊಗಳನ್ನು ತೆರೆದುಕೊಟ್ಟರು.

"ಈ ಮಗು ಇರ್ಲೇಬೇಕು," ಎಂದು ಒಂದರ ಮೇಲೆ ಬೆರಳಿಟ್ಟರು. "ಹನ್ನೊಂದು ವರ್ಷದಿಂದ ನಮ್ಮ ಕೈ ಹಿಡಿದಿರೋದು ಇದೇ."

ಕೆದರಿದ ತಲೆ, ಭುಜದಿಂದ ಜಾರಿದ ಫ್ರಾಕು, ತುಟಿಯವರೆಗೆ ಇಳಿದ ಸಿಂಬಳ. ಕೆಳಗೆ ‘ಇವಳಿಗೆ ಯಾರಿದ್ದಾರೆ?’ ಎಂಬ ಸಾಲು. ಫ್ರಾಕಿನ ಹಳದಿ ಹೂಗಳನ್ನು ನೋಡಿ ತುಳಸಿ ಗುರುತು ಹಿಡಿದಳು. ಆ ಮಗು ಅವಳೇ.

ಯಾರಿದ್ದಾರೆ ಎಂದರೆ ಏನು ಹೇಳುವುದು? ಅವಳ ಅವ್ವ ಚಿನ್ನಿ ಇದ್ದಳು, ಗಟ್ಟಿಮುಟ್ಟಾಗಿಯೇ ಇದ್ದಳು. ಟ್ರಸ್ಟಿನ ಕ್ಯಾಮೆರಾದವರು ಬಂದಿದ್ದಾರೆಂದು ಕೇಳಿ ಅವತ್ತು ಕಾಫಿ ಹಣ್ಣಿನ ಪಿಕ್ಕಿಂಗ್ ಬಿಟ್ಟು ಓಡಿ ಬಂದಿದ್ದಳು. ನೆಗಡಿಯಾಗಿದ್ದ ಮಗಳನ್ನು ಅಂಗಳದಲ್ಲೇ ನಿಲ್ಲಿಸಿ, ಟ್ರಂಕಿನಿಂದ ಹೊಸ ಲಂಗ ತೆಗೆದು, ಬಾಚಣಿಗೆ ಹುಡುಕಿ ಹೊರಗೆ ಬರುವಷ್ಟರಲ್ಲಿ ಅವರು ಫೋಟೊ ತೆಗೆದುಕೊಂಡು ಜೀಪು ಹತ್ತಿದ್ದರು. ಈ ಕಥೆಯನ್ನು ಚಿನ್ನಿ ಲೈನಿನವರಿಗೆಲ್ಲ ಹೇಳಿ ಹೇಳಿ ಸವೆಸಿದ್ದಾಳೆ. ಫೋಟೊವನ್ನು ಮಾತ್ರ ಅವಳಿಗೆ ಯಾರೂ ತೋರಿಸಿರಲಿಲ್ಲ.

ತುಳಸಿ ಹೊಸ ಫೋಟೊ ತೆಗೆಯಲು ಹೊರಟಳು. ಸಂಜೆ ಪಾಠದ ಮಕ್ಕಳಿಗೆ, ನಾಳೆ ಫೋಟೊ ತೆಗೆಯುತ್ತೇನೆ ಎಂದು ಹಿಂದಿನ ದಿನವೇ ಹೇಳಿದಳು. ಎಲ್ಲರೂ ಎಣ್ಣೆ ಹಚ್ಚಿ ತಲೆ ಬಾಚಿ, ಪೌಡರ್ ಬಳಿದುಕೊಂಡು ಬಂದರು. ಗಾನವಿ ಎಂಬ ಪುಟ್ಟ ಹುಡುಗಿ ಪುಸ್ತಕ ಹಿಡಿದು ನಗುತ್ತಿದ್ದ ಫೋಟೊ ಹಾಕಿ ಪೋಸ್ಟರ್ ಮಾಡಿದಳು. ಎಷ್ಟು ಚೆನ್ನಾಗಿತ್ತೆಂದರೆ ಅವಳೇ ಹತ್ತು ಸಲ ನೋಡಿದಳು.

"ಇವ್ಳನ್ನ ನೋಡಿ ಯಾರಮ್ಮ ಕೊಡ್ತಾರೆ? ಇವ್ಳೇ ನಮಗೆ ಕೊಡೋ ಹಾಗಿದ್ದಾಳೆ," ಎಂದು ಶಶಿಕುಮಾರ್ ನಕ್ಕರು. ಅಕ್ಷರ ಬದಲಿಸಿ ತಂದಳು, ಬಣ್ಣ ಬದಲಿಸಿ ತಂದಳು. ಮೂರು ಸಲವೂ ಅದೇ ಉತ್ತರ, ಹಳೇದನ್ನೇ ಹಾಕು. ಇಂಥವರ ಮುಂದೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೊನೆಗೆ ಆರನೆಯ ವಾರದ ಶನಿವಾರ, ಹೇಗೋ ಬಾಯಿ ಬಿಟ್ಟಳು. "ಸಾರ್, ಆ ಮಗು ನಾನು."

ಅವರಿಗೆ ಸ್ವಲ್ಪವಾದರೂ ಮುಜುಗರವಾದೀತು ಎಂದುಕೊಂಡಿದ್ದಳು. ಅವರ ಮುಖ ಅರಳಿತು. "ಮೊದ್ಲೇ ಹೇಳ್ಬಾರ್ದೇನಮ್ಮ? ಆಗ ಹೀಗಿದ್ಲು, ಈಗ ಹೀಗಿದ್ದಾಳೆ. ನಿನ್ನ ಈಗಿನ ಫೋಟೊ ಪಕ್ಕದಲ್ಲಿ ಹಾಕು." ಬೇಡ ಸಾರ್ ಎಂದು ಅವಳು ಶುರು ಮಾಡುವಷ್ಟರಲ್ಲಿ ಅವರಿಗೆ ಫೋನ್ ಬಂತು. ಸೋಮವಾರ ಫೋಟೊ ತಾ, ಅವತ್ತೇ ಪ್ರಮಾಣಪತ್ರ ಕೊಡುತ್ತೇನೆ ಎಂದು ಹೇಳಿ ಎದ್ದುಹೋದರು.

ಭಾನುವಾರ ತುಳಸಿ ಮೊಬೈಲಿನಲ್ಲಿ ಆ ಫೋಟೊವನ್ನು ಅವ್ವನಿಗೆ ತೋರಿಸಿದಳು. ಕೆಳಗಿನ ಸಾಲನ್ನೂ ಓದಿ ಹೇಳಿದಳು. ಚಿನ್ನಿ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿ ಹಿಡಿದು ಫೋಟೊದ ಮಗುವಿನ ಮೂಗು ಒರೆಸಿದಳು. ಒರೆಸಿದಷ್ಟೂ ಫೋಟೊ ಅತ್ತಿತ್ತ ಸರಿಯಿತೇ ಹೊರತು ಸಿಂಬಳ ಹೋಗಲಿಲ್ಲ.

"ನಮ್ಮವ್ವ ಬತ್ತಾಳೆ, ವಸಿ ನಿಲ್ಲಿ ಅನ್ನಕ್ಕೆ ನಿಂಗ್ಯಾಕವ್ವ ಬಾಯಿ ಬರ್ಲಿಲ್ಲ?" ಎಂದು ಕೇಳಿದಳು. ಒಂಬತ್ತು ವರ್ಷದ ಆ ಮಗುವನ್ನೇ ಕೇಳಿದ ಹಾಗಿತ್ತು. ಇಪ್ಪತ್ತು ವರ್ಷದ ತುಳಸಿಗೆ ಅಳು ತಡೆಯಲಾಗಲಿಲ್ಲ.

ಸೋಮವಾರ ಅವಳು ಬರಿಗೈಯಲ್ಲಿ ಹೋದಳು. ಫೋನಿನಲ್ಲಿದ್ದ ಶಶಿಕುಮಾರ್ ಕೂರು ಎಂದು ಸನ್ನೆ ಮಾಡಿದರು. ಅವಳು ಕೂರಲಿಲ್ಲ, ಅವರ ಮಾತು ಮುಗಿಯುವವರೆಗೆ ಮೇಜಿನ ಮುಂದೆಯೇ ನಿಂತಳು.

"ನಮ್ಮವ್ವ ಬಾಚಣಿಗೆ ತರೋವರ್ಗೂ ನಿಮ್ಮೋರು ನಿಲ್ಲಲಿಲ್ಲ ಸಾರ್. ಆ ಫೋಟೊ ತೆಗೀರಿ."

ನೋಡೋಣ ಎಂದರು. ಪ್ರಮಾಣಪತ್ರಕ್ಕೂ ನೋಡೋಣ ಎಂದರು. ಎರಡು ತಿಂಗಳಾಯಿತು, ನೋಡುತ್ತಲೇ ಇದ್ದಾರೆ. ತುಳಸಿ ಪ್ರತಿ ಸೋಮವಾರ ಹೋಗಿ ಆ ಮೇಜಿನ ಮುಂದೆ ನಿಲ್ಲುತ್ತಾಳೆ. ಮೊದಲು ಫೋಟೊ ತೆಗೆದಿರಾ ಎಂದು ಕೇಳುತ್ತಾಳೆ, ಪ್ರಮಾಣಪತ್ರದ ಮಾತು ಆಮೇಲೆ.