ಡೈಸಿ ಬರುವ ದಿನ

ಕ್ಯಾಲಿಫೋರ್ನಿಯಾದ ವಾಲ್‌ನಟ್ ಎಂಬ ಊರಿನ ರಯೀಸಾ ಬೇಗಂ ಎದುರಿಗೆ ನಾಯಿ ಕಂಡರೆ ಕಾರಿನಿಂದಲೇ ಇಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ನಾಯಿ ಹಿಡಿದು ವಾಕಿಂಗ್ ಹೊರಟರೆ ದುಪಟ್ಟಾ ಎತ್ತಿ ಹಿಡಿದು ರಸ್ತೆ ದಾಟಿಬಿಡುತ್ತಿದ್ದಳು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವಳು; ನಮಾಜಿನ ಬಟ್ಟೆ, ಮನೆಯ ಚೊಕ್ಕಟ ಎಂದರೆ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಗಂಡ ಅನ್ವರ್ ಚಪ್ಪಲಿ ಹಾಕಿಕೊಂಡು ಒಳಗೆ ಬಂದನೋ, ಆ ದಿನ ಅವನ ಗ್ರಹಚಾರ ಬಿಡಿಸುತ್ತಿದ್ದಳು.

ಇಂಥವಳ ಒಬ್ಬನೇ ಮಗ ಜುಹೈಬ್, ಕುಡಿದು ಕಾರು ಓಡಿಸಿ ಒಬ್ಬ ಮುದುಕನ ಪ್ರಾಣ ತೆಗೆದು, 2005ರಲ್ಲಿ ಸ್ಯಾನ್ ಡಿಯೇಗೊ ಕಡೆಯ ಜೈಲು ಸೇರಿದ. ರಯೀಸಾ ಮದುವೆ, ಈದ್ ಊಟ ಎಲ್ಲಕ್ಕೂ ಹೋಗುವುದನ್ನು ಬಿಟ್ಟಳು. ಶನಿವಾರ ಅನ್ವರ್ ಜೊತೆ ಹೋಗಿ ಮಗನ ಮುಖ ನೋಡುವುದು, ವಾಪಸು ಬರುವಾಗ ದಾರಿಯುದ್ದಕ್ಕೂ ಅಳುವುದು, ಇಷ್ಟೇ ಬದುಕಾಯಿತು.

ಕಣ್ಣು ಮುಚ್ಚಿದರೆ ಆ ಮುದುಕ ಎದುರಿಗೆ ಬರುತ್ತಾನೆ ಎನ್ನುತ್ತಿದ್ದ ಜುಹೈಬ್. ಊಟ ಸೇರುತ್ತಿರಲಿಲ್ಲ. ಇವನು ಜೀವಂತವಾಗಿ ಹೊರಗೆ ಬಂದಾನೇ ಎಂಬ ಭಯ ಹೆತ್ತ ಕರುಳನ್ನು ಹಿಂಡುತ್ತಿತ್ತು.

ಮಾರನೇ ವರ್ಷ ಒಂದು ಶನಿವಾರ ಅವನ ಮುಖದಲ್ಲಿ ಕಳೆ ಕಂಡಿತು. ಮನೆಯಲ್ಲಿ ದಖನಿ ಉರ್ದು ಆಡುವವರು ಜೈಲಿನಲ್ಲಿ ಕನ್ನಡ ಆಡುತ್ತಿದ್ದರು. ತಮ್ಮವರನ್ನು ನೋಡಲು ಬಂದು ಪಕ್ಕದ ಮೇಜಿನಲ್ಲಿ ಕೂರುವ ಪಾಕಿಸ್ತಾನಿಗಳಿಗೆ ಮನೆಯ ಸಂಕಟ ತಿಳಿಯಬಾರದಲ್ಲ.

"ಅಮ್ಮಿ, ಇಲ್ಲಿಗೆ ಡೈಸಿ ಅಂತ ಒಂದು ನಾಯಿ ಬರುತ್ತೆ. ನಮ್ಮ ಟೆನ್ಷನ್ ಕಮ್ಮಿ ಆಗ್ಲಿ ಅಂತ ಒಬ್ಬ ಅಜ್ಜಿ ಕರ್ಕೊಂಡು ಬರ್ತಾರೆ. ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗುತ್ತೆ. ಆವತ್ತು ನಂಗೂ ನಿದ್ದೆ ಬರುತ್ತೆ."

ನಿದ್ದೆ ಎಂದದ್ದು ರಯೀಸಾಳ ಕಿವಿಗೆ ಬೀಳಲೇ ಇಲ್ಲ. "ತೊಡೆ ಮೇಲಾ? ಅದೇ ಬಟ್ಟೇಲಿ ನಮಾಜ್ ಮಾಡ್ತೀಯಾ? ಮುಟ್ಟಬೇಡ ಅದನ್ನ. ಮಾಡಿರೋ ಪಾಪ ಸಾಲದಾ?"

"ಆಯ್ತಮ್ಮಿ" ಎಂದ ಜುಹೈಬ್.

ಕಾರಿನಲ್ಲಿ ಅನ್ವರ್, ಎಂದೂ ಎದುರಾಡದವನು, "ನಿನಗೆ ಬಟ್ಟೆ ಹೆಚ್ಚಾಯ್ತು, ಮಗ ಕಮ್ಮಿಯಾದ" ಎಂದ. ಆ ಮಾತು ಚುಚ್ಚಿತು. ಆದರೆ ಹಟಮಾರಿ ಹೆಂಗಸು, ತಪ್ಪಿರಬಹುದೆಂದು ಒಪ್ಪಲು ತಿಂಗಳುಗಳೇ ಬೇಕಾದವು. ಅಷ್ಟರಲ್ಲಿ ಮಗ ಮತ್ತೆ ಸೊರಗಿದ. ಕೊನೆಗೆ ಒಂದು ಶುಕ್ರವಾರ ಮಸೀದಿಯ ಇಮಾಮರನ್ನು ಅಳುತ್ತಲೇ ಕೇಳಿದಳು. ಮುಟ್ಟಿದರೆ ಏನೂ ಆಗದು, ಜೊಲ್ಲು ತಗುಲಿದ ಜಾಗವನ್ನು ತೊಳೆದುಕೊಂಡರೆ ಸಾಕು ಎಂದರು ಅವರು. ಇಷ್ಟು ಸುಲಭದ ಮಾತನ್ನು ಆ ದಿನವೇ ಕೇಳಬಾರದಿತ್ತೇ!

ಮರುದಿನ ಮಗ ಕೂರುವ ಮೊದಲೇ ಹೇಳಿದಳು: "ಡೈಸಿನ ಮುಟ್ಟು ಕಂದಾ. ತೊಡೆ ಮೇಲೆ ಮಲಗಿಸ್ಕೋ. ನಾನು ಕೇಳ್ಕೊಂಡು ಬಂದಿದ್ದೀನಿ, ಏನೂ ಆಗಲ್ವಂತೆ."

ಜುಹೈಬ್ ಮೇಜನ್ನೇ ನೋಡುತ್ತಿದ್ದ.

"ಅದು ಇನ್ನು ಬರಲ್ಲ ಅಮ್ಮಿ. ವಯಸ್ಸಾಯ್ತು ಅಂತ ನಿಲ್ಲಿಸಿದ್ರು. ಕೊನೇ ದಿನ ಎಲ್ಲರನ್ನೂ ಬಿಟ್ಟು ನನ್ನ ಹತ್ರಾನೇ ಬಂತು. ನೀವು ಹೇಳಿದ್ರಲ್ಲ, ನಾನು ಕೈ ಹಿಂದೆ ಕಟ್ಕೊಂಡು ನಿಂತೆ. ನನ್ನ ಮುಖಾನೇ ನೋಡ್ತಾ ಕೂತಿತ್ತು. ತಾನೇನು ತಪ್ಪು ಮಾಡ್ದೆ ಅಂತ ಅದಕ್ಕೆ ಗೊತ್ತಾಗ್ಲಿಲ್ಲ, ಪಾಪ."